ಗೋಣಿ ನಾರಿನ ಜಡೆ

ಸಿರಿ, ಪೃಥ್ವಿ,

ಹೋದ ಸಲ ಬಂದಾಗ ನೀವಿಬ್ಬರೂ ನನ್ನ ತಗಡಿನ ಪೆಟ್ಟಿಗೆ ತೆಗೆದು, ಅದರೊಳಗಿದ್ದ ಕಪ್ಪು ಜಡೆಯನ್ನು ಹಾವೆಂದು ತಿಳಿದು ಓಡಿದಿರಿ. ಆಮೇಲೆ ಪೃಥ್ವಿ ಅದನ್ನು ಕೋಲಿನ ತುದಿಯಿಂದ ಎತ್ತಿ, ಇದು ಯಾರ ಕೂದಲು ಅಜ್ಜಿ ಎಂದು ಕೇಳಿದ. ನಿಮ್ಮಮ್ಮನದು ಎಂದೆ. ನೀವು ನಂಬಲಿಲ್ಲ. ನಿಮ್ಮಮ್ಮ ಅಡುಗೆಮನೆಯಿಂದಲೇ ನಕ್ಕಳು. ಎದುರಿಗೆ ಕೂತು ನನ್ನ ಬದುಕಿನ ಮಾತು ಉದ್ದಕ್ಕೆ ಹೇಳುವುದು ನನಗೆ ಮೊದಲಿನಿಂದಲೂ ಆಗದು. ಅದಕ್ಕೆ ಬರೆಯಲು ಕೂತಿದ್ದೇನೆ. ನಾನು ಕಲಿತದ್ದು ಊರಿನ ಶಾಲೆಯಲ್ಲಿ, ಅದೂ ಏಳನೆಯ ಕ್ಲಾಸಿನ ತನಕ. ತಪ್ಪು ಕಂಡರೆ ತಿದ್ದಿಕೊಂಡು ಓದಿ.

ಆಗ ನಿಮ್ಮಮ್ಮ ಏಳನೆಯ ಕ್ಲಾಸಿನಲ್ಲಿದ್ದಳು. ತೊಂಬತ್ತಾರನೆಯ ಇಸವಿ ಇರಬೇಕು, ಇಲ್ಲವೇ ಅದರ ಮುಂದಿನದು. ಹೊಂಗಡಹಳ್ಳದ ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ, ಕೂಲಿಯವರ ಲೈನ್ ಮನೆಯಲ್ಲಿ ನಾವಿಬ್ಬರೇ ಇದ್ದೆವು. ನಿಮ್ಮ ತಾತ ತೀರಿಹೋಗಿ ಎರಡನೆಯ ವರ್ಷ ನಡೆಯುತ್ತಿತ್ತು. ಕಾಫಿ ಗಿಡಕ್ಕೆ ಬಿಸಿಲು ಬೀಳಲೆಂದು ನೆರಳು ಮರಗಳ ಕೊಂಬೆ ಸವರುತ್ತಾರಲ್ಲ, ಮರಗಸಿ, ಆ ಕೆಲಸದಲ್ಲಿ ಅವರಷ್ಟು ಹಗುರವಾಗಿ ಮರ ಹತ್ತುವವರು ಆ ಎಸ್ಟೇಟಿನಲ್ಲಿ ಇರಲಿಲ್ಲ. ಬಿದ್ದ ದಿನ ಅವರ ಸೊಂಟದ ಹಗ್ಗ ಗಟ್ಟಿಯಾಗಿಯೇ ಇತ್ತು. ಹಗ್ಗ ಬಿಗಿದಿದ್ದ ಕೊಂಬೆ ಒಳಗೆ ಟೊಳ್ಳಾಗಿತ್ತು. ಆಮೇಲೆ ಎಸ್ಟೇಟಿನ ಯಜಮಾನರು ನನಗೆ ಕ್ರೆಶ್‌ನ ಆಯಾ ಕೆಲಸ ಕೊಟ್ಟರು. ಕಾಫಿ ಹಣ್ಣು ಕುಯ್ಯಲು ಹೋಗುವ ಹೆಂಗಸರು ತಮ್ಮ ಮಕ್ಕಳನ್ನು ಬೆಳಿಗ್ಗೆ ಅಲ್ಲಿ ಬಿಟ್ಟು ಹೋಗುತ್ತಿದ್ದರು. ಎಳೆಯವರನ್ನು ಸೀರೆಯ ಜೋಲಿಗಳಲ್ಲಿ ಮಲಗಿಸಿ, ನಡೆಯುವವರನ್ನು ಸುತ್ತ ಕೂರಿಸಿಕೊಂಡು ನಾನು ಕಥೆ ಹೇಳುತ್ತಿದ್ದೆ. ದೊಡ್ಡವರ ಮುಂದೆ ಬಾಯಿ ಬಿಡದ ನನಗೆ ಮಕ್ಕಳ ಮುಂದೆ ಮಾತು ಹೇಗೋ ಬರುತ್ತಿತ್ತು.

ನಿಮ್ಮಮ್ಮ ಶಾಲೆ ಬಿಟ್ಟ ಮೇಲೆ ಕ್ರೆಶ್‌ಗೆ ಬರಬೇಕು, ಕ್ರೆಶ್ ಮುಚ್ಚಿದ ಮೇಲೆ ನನ್ನ ಜೊತೆ ಮನೆಗೆ. ಸೀಬೆ ಮರ ಹತ್ತಕೂಡದು, ಹೊಳೆಯ ಹತ್ತಿರ ಹೋಗಕೂಡದು. ಇಷ್ಟೇ ನನ್ನ ಕಾನೂನು. ಆ ವರ್ಷ ಶಾಲೆಯ ಮೇಷ್ಟ್ರು ಲೈನಿಗೇ ಬಂದು, "ಹುಡುಗಿ ಚುರುಕೈತೆ ಕಣವ್ವ. ಹೈಸ್ಕೂಲಿಗೆ ಸಕಲೇಶಪುರದ ಹಾಸ್ಟೆಲ್‌ಗೆ ಹಾಕು. ನಾನೇ ಕರ್ಕಂಡೋಗಿ ಸೇರಿಸ್ತೀನಿ" ಎಂದರು.

"ನೋಡಾಣ ಸಾ" ಎಂದೆ.

ಅವರು ಹೋದ ಮೇಲೆ ನಿಮ್ಮಮ್ಮ ಒಲೆಯ ಮುಂದೆ ಕೂತು, "ನೋಡಾಣ ಅಂದ್ರೆ ಇಲ್ಲ ಅಂತ ತಾನೇ?" ಎಂದಳು. ನಾನು ಸೌದೆ ಮುಂದಕ್ಕೆ ತಳ್ಳಿದೆ.

ಕುಯ್ಲು ಅರ್ಧಕ್ಕೆ ಬಂದಿದ್ದಾಗ ಒಂದು ಮಧ್ಯಾಹ್ನ ಮ್ಯಾನೇಜರಮ್ಮ ಕ್ರೆಶ್‌ನ ಬಾಗಿಲಲ್ಲಿ ಬಂದು ನಿಂತರು. ಮ್ಯಾನೇಜರ ಹೆಂಡತಿಯನ್ನು ನಾವೆಲ್ಲ ಹಾಗೆ ಕರೆಯುತ್ತಿದ್ದೆವು. ತವರು ಮಂಗಳೂರಿನ ಕಡೆ, ಮದುವೆಗೆ ಮುಂಚೆ ಅಲ್ಲಿಯ ಶಾಲೆಯಲ್ಲಿ ಟೀಚರಾಗಿದ್ದವರು. ನಾನು ಕಥೆ ಹೇಳುವುದನ್ನು ಕಿಟಕಿಯ ಆಚೆ ನಿಂತು ಎಷ್ಟೋ ದಿನದಿಂದ ಕೇಳುತ್ತಿದ್ದರಂತೆ. ನನಗೆ ಭೂಮಿಯೊಳಗೆ ಇಳಿದು ಹೋದ ಹಾಗಾಯಿತು.

"ಎಂತಕ್ಕೆ ನಾಚುದು ಮಾರಾಯ್ತಿ, ಚಂದ ಹೇಳ್ತೀಯಲ್ಲ. ಕುಯ್ಲು ಮುಗಿದ ದಿನದ ಊಟಕ್ಕೆ ಈ ಮಕ್ಕಳದ್ದೊಂದು ನಾಟಕ ಮಾಡಿಸುವ. ಕಥೆ ನಾನು ಕೊಡ್ತೇನೆ, ಮಾತು ನೀನು ಬರಿ" ಎಂದರು.

ಜೋಲಿಗಳ ನಡುವೆ ಕೂತು ಅವರು ಹೇಳಿದ ಕಥೆ ಜರ್ಮನಿ ದೇಶದ್ದು, ಬಹಳ ಹಳೆಯದು. ಬಸುರಿ ಹೆಂಗಸೊಬ್ಬಳಿಗೆ ಪಕ್ಕದ ತೋಟದ ಸೊಪ್ಪಿನ ಮೇಲೆ ಬಯಕೆ. ಗಂಡ ಬೇಲಿ ಹಾರಿ ಕದಿಯುತ್ತಾನೆ. ತೋಟದ ಒಡತಿ ಮಾಟಗಾತಿ ಮುದುಕಿ. ಸಿಕ್ಕಿಬಿದ್ದವನಿಂದ ಹುಟ್ಟುವ ಮಗುವನ್ನೇ ಕೇಳಿ ಪಡೆಯುತ್ತಾಳೆ. ಹುಡುಗಿ ದೊಡ್ಡವಳಾದಾಗ ಮೆಟ್ಟಿಲಿಲ್ಲದ, ಬಾಗಿಲಿಲ್ಲದ ಗೋಪುರದಲ್ಲಿ ಕೂಡಿಡುತ್ತಾಳೆ. ಇರುವುದೊಂದೇ ಕಿಟಕಿ. ಹುಡುಗಿ ತನ್ನ ಉದ್ದದ ಜಡೆಯನ್ನು ಕೆಳಗೆ ಬಿಟ್ಟರೆ ಮುದುಕಿ ಅದನ್ನು ಹಿಡಿದು ಹತ್ತುತ್ತಾಳೆ. ಅದನ್ನು ನೋಡಿದ ರಾಜಕುಮಾರನೂ ಹಾಗೆಯೇ ಹತ್ತುತ್ತಾನೆ. ಮುದುಕಿಗೆ ತಿಳಿದು ಜಡೆ ಕತ್ತರಿಸುತ್ತಾಳೆ. ಅಲ್ಲಿಂದ ಮುಂದೆ ಬಹಳ ಕಷ್ಟ, ಕೊನೆಗೆ ರಾಜಕುಮಾರನಿಂದ ಸುಖ.

ಮಾರನೆಯ ದಿನ ಮಕ್ಕಳಿಗೆ ಹೇಳಿದೆ. ಸೊಪ್ಪು ಕದ್ದು ಸಿಕ್ಕಿಬಿದ್ದ ಭಾಗ ಅವರಿಗೆ ತಕ್ಷಣ ಅರ್ಥವಾಯಿತು. ತೋಟದಲ್ಲಿ ಸೌದೆ ಆಯಲು ಹೋಗಿ ವಾಚರ್ ಕೈಗೆ ಸಿಕ್ಕವರು ಲೈನಿನ ಎಲ್ಲ ಮನೆಯಲ್ಲೂ ಇದ್ದರು. ಜಡೆಯ ಜಾಗಕ್ಕೆ ಬಂದಾಗ ಮೂಗು ಸುರಿಸುತ್ತಿದ್ದ ಒಂದು ಪುಟ್ಟ ಹುಡುಗಿ ಕೇಳಿದಳು:

"ಆಯಮ್ಮ, ಅವ್ಳಿಗೆ ತಲೆ ನೋಯಕ್ಕಿಲ್ವಾ?"

"ನೋಯ್ತದೆ."

"ಮತ್ತೆ ಎಲ್ರನ್ನೂ ಹತ್ತಿಸ್ಕತಾಳೆ, ಅವ್ಳೇ ಯಾಕೆ ಇಳಿಯಕ್ಕಿಲ್ಲ?"

"ಕಥೆ ಇರೋದೇ ಹಂಗೆ" ಎಂದೆ. ಬಾಗಿಲ ಬಳಿ ಕೂತು ಲೆಕ್ಕ ಮಾಡುತ್ತಿದ್ದ ನಿಮ್ಮಮ್ಮ ತಲೆಯೆತ್ತಿ ನನ್ನನ್ನು ನೋಡಿದಳು.

ಹಳೆಯ ಕ್ಯಾಲೆಂಡರ್ ಹಾಳೆಗಳ ಹಿಂದೆ ನಾಟಕ ಬರೆದೆ. ರಾಜಕುಮಾರನ ಪಾತ್ರ ತಮಿಳುನಾಡಿನಿಂದ ಕುಯ್ಲಿಗೆ ಬಂದಿದ್ದ ಒಂದು ಮನೆಯ ಹುಡುಗನಿಗೆ. ಕನ್ನಡ ಅಷ್ಟಕ್ಕಷ್ಟೇ, ಆದರೆ ಎತ್ತರದ ಹೆದರಿಕೆಯಿಲ್ಲ. ಗೋಪುರದ ಹುಡುಗಿ ನಿಮ್ಮಮ್ಮ. ಕಾಫಿ ಕಣದ ಆ ಕೊನೆಯವರೆಗೂ ಕೇಳುವ ದನಿ ಅವಳದೊಂದೇ ಇತ್ತು. ಮುದುಕಿಯ ಪಾತ್ರಕ್ಕೆ ಯಾವ ಹುಡುಗಿಯೂ ಒಪ್ಪಲಿಲ್ಲ. ಕಡೆಗೆ ಮ್ಯಾನೇಜರಮ್ಮ ನನ್ನನ್ನೇ ನೋಡಿ ನಕ್ಕರು. ಕಂಬಳಿ ಕೊಪ್ಪೆ ಹಾಕಿಕೊಂಡರೆ ಮುಖ ಕಾಣುವುದಿಲ್ಲ ಎಂದು ನಾನು ಒಪ್ಪಿದೆ. ನನ್ನ ಪಾಲಿಗೆ ಆದಷ್ಟು ಕಡಿಮೆ ಮಾತು ಬರೆದುಕೊಂಡೆ.

ಗೋಪುರಕ್ಕೆ ಹುಡುಕಾಡುವ ಕೆಲಸವಿರಲಿಲ್ಲ. ಕಾಫಿ ಒಣಗಿಸುವ ಸಿಮೆಂಟ್ ಕಣದ ಪಕ್ಕದಲ್ಲೇ ಸ್ಟೋರ್ ಇತ್ತು. ಅದರ ಅಟ್ಟಕ್ಕೆ ಕಣದ ಕಡೆ ಒಂದು ದೊಡ್ಡ ಕಿಟಕಿ, ಮೂಟೆಗಳನ್ನು ರಾಟೆಯಿಂದ ಎಳೆದುಕೊಳ್ಳುವುದಕ್ಕೆ. ರಾಟೆ ನೇತಾಡುವ ಕಬ್ಬಿಣದ ತೊಲೆ ಕಿಟಕಿಯಿಂದ ಹೊರಗೆ ಚಾಚಿತ್ತು.

ಜಡೆಯ ಕೆಲಸವೇ ದೊಡ್ಡದಾಯಿತು. ಹರಿದ ಗೋಣಿಗಳನ್ನು ಬಿಚ್ಚಿ ನಾರು ತೆಗೆದೆವು. ಗೋಣಿಯ ನಾರು ಸೀಮೆಎಣ್ಣೆ ನಾರುತ್ತದೆ. ಅದನ್ನು ಬೂದಿ ನೀರಿನಲ್ಲಿ ಕುದಿಸಿ, ಸೀಗೆಕಾಯಿ ಹಾಕಿ ತೊಳೆದು, ಬೇಲಿಯ ಮೇಲೆ ಒಣಹಾಕಿದೆವು. ಆ ದೇಶದ ಹುಡುಗಿಯರ ಕೂದಲು ಹೊಂಬಣ್ಣ, ಹೀಗೇ ಇರಲಿ ಎಂದು ಮ್ಯಾನೇಜರಮ್ಮ ಹೇಳಿದರು. ಮಕ್ಕಳು ಒಪ್ಪಲಿಲ್ಲ. ಗೋಣಿ ಬಣ್ಣದ ಕೂದಲು ಮುದುಕಿಗೆ, ಹುಡುಗಿಗೆ ಕಪ್ಪೇ ಬೇಕು ಎಂದು ಹಟ ಹಿಡಿದರು. ಅಳಲೆಕಾಯಿ ಜಜ್ಜಿ ಕುದಿಸಿ, ಅದಕ್ಕೆ ತುಕ್ಕು ಹಿಡಿದ ಮೊಳೆಗಳನ್ನು ಹಾಕಿಟ್ಟರೆ ನೀರು ಮಸಿಯ ಹಾಗೆ ಕಪ್ಪಾಗುತ್ತದೆ. ನನ್ನ ಅಜ್ಜಿ ಅದರಲ್ಲೇ ನೂಲಿಗೆ ಬಣ್ಣ ಕಟ್ಟುತ್ತಿದ್ದಳು. ನಾರನ್ನು ಅದ್ದಿ ತೆಗೆದು ನೆರಳಿನಲ್ಲಿ ಒಣಗಿಸಿ, ಮೂರು ಕಾಲಿನ ಜಡೆ ಹೆಣೆದು ಹರಳೆಣ್ಣೆ ಸವರಿದೆ. ಈಗಲೂ ಪೆಟ್ಟಿಗೆ ತೆಗೆದರೆ ಆ ಎಣ್ಣೆಯ ವಾಸನೆ, ಅದರ ಹಿಂದೆ ಒಣ ಕಾಫಿಯ ಸಿಪ್ಪೆಯ ವಾಸನೆ. ಮಧ್ಯಾಹ್ನದ ಕಣ, ಕಾಲಿನಿಂದ ಕಾಫಿ ತಿರುವುತ್ತಾ ಹಾಡಿಕೊಳ್ಳುವ ಹೆಂಗಸರು, ಎಲ್ಲ ಆ ಪೆಟ್ಟಿಗೆಯಲ್ಲೇ ಇದೆ ಎನಿಸುತ್ತದೆ.

ಜಡೆ ಮುಗಿಯುತ್ತಿದ್ದಂತೆ ತೊಂದರೆ ಶುರುವಾಯಿತು. ಕಾಫಿ ಹೂವಿನ ಮಳೆ ಆ ವರ್ಷ ಬೇಗ ಬಂತು. ಯಜಮಾನರು ಖುಷಿಯಿಂದ ವರಾಂಡಕ್ಕೆ ಬಂದು ನಿಂತರು. ನಾವು ಕಣದ ಕಾಫಿ ಗುಡ್ಡೆ ಹಾಕಿ ಟಾರ್ಪಾಲು ಹೊದಿಸಲು ಓಡಿದೆವು. ಬೇಲಿಯ ಮೇಲಿದ್ದ ಜಡೆ ನೆನಪಾಗುವಷ್ಟರಲ್ಲಿ ಬಣ್ಣ ಇಳಿದು ಪಕ್ಕದಲ್ಲೇ ಒಣಹಾಕಿದ್ದ ನಿಮ್ಮಮ್ಮನ ಶಾಲೆಯ ಬಿಳಿ ಅಂಗಿಯ ಮೇಲೆಲ್ಲ ಹರಿದಿತ್ತು. ಮತ್ತೆ ಬಿಚ್ಚಿ, ಮತ್ತೆ ಅದ್ದಿದೆ.

ಅದು ಒಣಗುವ ಮುಂಚೆ ಇನ್ನೊಂದು. ಒಂದು ಬೆಳಿಗ್ಗೆ ರಾಜಕುಮಾರ ಬರಲಿಲ್ಲ. ಅವನ ಮನೆಯವರ ಪಾಲಿನ ಕೆಲಸ ಮುಗಿದಿತ್ತು. ಅವರ ಮೇಸ್ತ್ರಿ ವ್ಯಾನು ತಂದು ಬಿಸಿಲೆ ಕಡೆಯ ಬೇರೆ ಎಸ್ಟೇಟಿಗೆ ಕರೆದುಕೊಂಡು ಹೋಗಿದ್ದ. ಹುಡುಗ ತನ್ನ ರಟ್ಟಿನ ಕಿರೀಟವನ್ನು ಕ್ರೆಶ್‌ನ ಬಾಗಿಲಿಗೆ ಸಿಕ್ಕಿಸಿ ಹೋಗಿದ್ದ. ಎಸ್ಟೇಟಿನ ಲೆಕ್ಕ ನೋಡುವ ರೈಟರ್ ತನ್ನ ಮಗನನ್ನು ಕರೆತಂದರು. ಆ ಹುಡುಗ ಅಟ್ಟದ ಕಿಟಕಿಯನ್ನು ಒಮ್ಮೆ ನೋಡಿದ. "ಕೆಳಗೇ ನಿಂತ್ಕಂಡು ಮದ್ವೆಯಾಗ್ತೀನಿ ಕಣಪ್ಪ" ಎಂದ. ಎಲ್ಲರೂ ನಕ್ಕರು.

ನಿಮ್ಮಮ್ಮ ನಗಲಿಲ್ಲ. "ರಾಜಕುಮಾರ ಬ್ಯಾಡ. ನಾನೇ ಜಡೆ ಕುಯ್ದು ತೊಲೆಗೆ ಕಟ್ಬುಟ್ಟು ಇಳೀತೀನಿ" ಎಂದಳು.

"ರಾಜಕುಮಾರನೇ ಇಲ್ಲದೆ ಕಥೆ ಮುಗಿಯುದು ಹೇಗೆ?" ಎಂದು ಮ್ಯಾನೇಜರಮ್ಮ ಕೇಳಿದರು.

"ಇಳಿದ್ರೆ ಮುಗೀತು ಅಮ್ಮ. ಅವ್ಳಿಗೆ ಬೇಕಾಗಿದ್ದು ಇಳಿಯೋದು ತಾನೇ?"

ಮ್ಯಾನೇಜರಮ್ಮ, "ಅದೂ ಹೌದು. ಆದರೆ ನಿನ್ನ ತಾಯಿ ಹೇಳಬೇಕು" ಎಂದು ನನ್ನ ಕಡೆ ತಿರುಗಿದರು.

ಆಗಕ್ಕಿಲ್ಲ ಎಂದೆ. ಅಷ್ಟು ಜನರ ಮುಂದೆ ನಾನು ಅಷ್ಟು ಗಟ್ಟಿಯಾಗಿ ಮಾತಾಡಿದ್ದು ಅದೇ ಮೊದಲು.

ಮನೆಗೆ ಬಂದು ನಿಮ್ಮಮ್ಮ ಊಟ ಮಾಡಿದಳು, ಪಾತ್ರೆ ತೊಳೆದಳು. ನನ್ನ ಕಡೆ ಬೆನ್ನು ಹಾಕಿ ಮಲಗಿದಳು. ಮಾರನೆಯ ದಿನ ಸಂಜೆ ನಾನು ನಾಟಕದ ಹಾಳೆ ತೆಗೆದು, ರಾಜಕುಮಾರನನ್ನು ಕೆಳಗೇ ನಿಲ್ಲಿಸಿ ಬರೆಯಲು ನೋಡಿದೆ. ಎರಡು ಸಾಲು ಮುಂದೆ ಹೋಗಲಿಲ್ಲ. ಅವನು ಕೆಳಗೆ ನಿಂತರೆ ಹುಡುಗಿ ಮೇಲೆಯೇ ಉಳಿಯುತ್ತಾಳೆ. ಮುದುಕಿ ಬಂದು ಹೋಗುತ್ತಾಳೆ, ಹುಡುಗಿ ಅಲ್ಲೇ. ಹೇಗೆ ಬರೆದರೂ ಅಲ್ಲೇ.

"ಅವ್ವ" ಎಂದಳು ನಿಮ್ಮಮ್ಮ. ನನ್ನ ಹಿಂದೆ ನಿಂತು ಓದುತ್ತಿದ್ದಳು. "ಆ ಮುದ್ಕಿ ಅವ್ಳನ್ನ ಯಾಕೆ ಕೂಡಾಕವ್ಳೆ?"

"ಕೆಟ್ಟವ್ಳು, ಅದಕ್ಕೆ."

"ಕೆಟ್ಟವ್ಳಾಗಿದ್ರೆ ದಿನಾ ಊಟ ತಕ್ಕಂಡೋಗಿ ಕೊಡ್ತಿದ್ಲಾ? ಅವ್ಳಿಗೆ ಭಯ ಕಣವ್ವ."

ನಾನು ಪೆನ್ನು ಕೆಳಗಿಟ್ಟೆ. ಕಥೆಯಲ್ಲಿ ನನಗೆ ತಿಳಿಯದೆ ಉಳಿದಿದ್ದ ಜಾಗ ಅದೇ ಆಗಿತ್ತು.

ಮಾರನೆಯ ಬೆಳಿಗ್ಗೆ ಜಂತೆಯ ಮೇಲಿಂದ ನಿಮ್ಮ ತಾತನ ಹಗ್ಗ ಇಳಿಸಿದೆ. ಅವರನ್ನು ಮನೆಗೆ ತಂದ ದಿನ ಸುರುಳಿ ಸುತ್ತಿ ಇಟ್ಟದ್ದು, ಮತ್ತೆ ಮುಟ್ಟಿರಲಿಲ್ಲ. ಬಿಸಿಲಿಗೆ ಹಾಕಿ, ಒಂದೊಂದು ಗೇಣೂ ಬಿಚ್ಚಿ ನೋಡಿದೆ. ಎಲ್ಲೂ ಎಳೆ ಎದ್ದಿರಲಿಲ್ಲ. ಅದನ್ನು ಎತ್ತಿಕೊಂಡು ಮರಗಸಿ ಮೇಸ್ತ್ರಿಯ ಹತ್ತಿರ ಹೋದೆ. ಅವರು ನಿಮ್ಮ ತಾತನ ಜೊತೆ ಹತ್ತಾರು ವರ್ಷ ಮರ ಹತ್ತಿದವರು, ನನ್ನನ್ನು ತಂಗಿ ಎಂದೇ ಕರೆಯುತ್ತಿದ್ದರು. ಹಗ್ಗ ನೋಡಿದ ಕೂಡಲೇ ಅವರಿಗೆ ಗುರುತು ಸಿಕ್ಕಿತು. ಬೀಡಿ ಎಸೆದು ಎದ್ದು ನಿಂತರು.

"ಏನ್ ತಂಗಿ, ಇದನ್ಯಾಕೆ ತಂದೆ?"

"ಅಟ್ಟದ ಕಿಟ್ಕಿಯಿಂದ ಹುಡುಗಿ ಇಳೀಬೇಕಂತೆ. ಬೀಳ್ದಂಗೆ ಹೆಂಗೆ ಕಟ್ಟೋದು ಅಂತ ತೋರ್ಸಿ ಅಣ್ಣ."

ಅವರು ಹಗ್ಗವನ್ನು ಕೈಗೆ ತಗೊಂಡು, ಮಂಡಿಗೆ ಒತ್ತಿ ಎಳೆದು, ಅಂಗೈಯಲ್ಲಿ ಸವರಿದರು. "ಹಗ್ಗದ ತಪ್ಪಲ್ಲ ತಂಗಿ ಅವತ್ತು" ಎಂದು ಮೆಲ್ಲಗೆ ಹೇಳಿದರು. ನನಗೂ ಗೊತ್ತು ಎಂದೆ.

ಹಗ್ಗಕ್ಕೆ ಮೊಳಕ್ಕೊಂದು ಗಂಟು ಹಾಕಿದೆವು, ಪಾದ ಊರುವುದಕ್ಕೆ. ಆಮೇಲೆ ಕಪ್ಪು ಜಡೆಯನ್ನು ಎರಡನೆಯ ಸಲ ಬಿಚ್ಚಿದೆ. ಹಗ್ಗವನ್ನು ನಡುವೆ ಇಟ್ಟು, ನಾರಿನ ಮೂರು ಕಾಲುಗಳನ್ನು ಅದರ ಸುತ್ತ ಬಿಗಿಯಾಗಿ ಹೆಣೆದು, ಗಂಟುಗಳ ಮೇಲೆ ಕೆಳಗೆ ಮೂಟೆ ಹೊಲಿಯುವ ದಬ್ಬಣದಿಂದ ಹೊಲಿಗೆ ಹಾಕಿದೆ. ಹೊರಗಿನಿಂದ ನೋಡಿದರೆ ಬರಿಯ ಜಡೆ. ಗಂಟುಗಳು ಉದ್ದವನ್ನು ತಿಂದುಬಿಟ್ಟಿದ್ದವು. ತೊಲೆಗೆ ಕಟ್ಟಿ ನೋಡಿದರೆ ತುದಿ ನೆಲದಿಂದ ಆಳೆತ್ತರ ಮೇಲೆಯೇ ನಿಂತಿತು. ಕೆಳಗೆ ಕಾಫಿ ಸಿಪ್ಪೆ ತುಂಬಿದ ಚೀಲಗಳನ್ನು ಒಟ್ಟಿ ಆ ಎತ್ತರ ಮುಚ್ಚಿದೆವು. ಮೇಸ್ತ್ರಿ ಅಣ್ಣ ಒಂದು ತುಂಬಿದ ಕಾಫಿ ಮೂಟೆಯನ್ನು ಜಡೆಗೆ ಕಟ್ಟಿ ಬೆಳಿಗ್ಗೆಯಿಂದ ಮಧ್ಯಾಹ್ನದ ಗಂಟೆ ಹೊಡೆಯುವವರೆಗೂ ತೂಗಬಿಟ್ಟರು. ಗಂಟು ಇನ್ನಷ್ಟು ಬಿಗಿಯಿತೇ ಹೊರತು ಜಾರಲಿಲ್ಲ. ನಿಮ್ಮಮ್ಮ ಮೊದಲು ಕರಿಮೆಣಸು ಕುಯ್ಯುವ ಏಣಿಯ ಅರ್ಧ ಎತ್ತರದಿಂದ ಇಳಿದು ಕಲಿತಳು, ಆಮೇಲೆ ಕಿಟಕಿಯಿಂದ. ಅವಳು ಕಿಟಕಿಯಿಂದ ಇಳಿಯುವಾಗ ನಾನು ಸ್ಟೋರಿನ ಹಿಂದೆ ಗೋಡೆಗೆ ಹಣೆ ಹಚ್ಚಿ ನಿಂತಿರುತ್ತಿದ್ದೆ. "ಇಳಿದ್ಲು, ಬಾ" ಎಂದು ಮೇಸ್ತ್ರಿ ಅಣ್ಣ ಕೂಗಿದ ಮೇಲೆ ಈಚೆ ಬರುತ್ತಿದ್ದೆ.

ಕುಯ್ಲು ಮುಗಿದ ದಿನ ಬಂತು. ಕಣದ ಒಂದು ಮೂಲೆಯಲ್ಲಿ ಕೋಳಿ ಸಾರು ಕುದಿಯುತ್ತಿತ್ತು, ಇನ್ನೊಂದು ಮೂಲೆಯಲ್ಲಿ ಕಡುಬಿನ ಹಬೆ. ಯಜಮಾನರ ಮನೆಯವರು ಕುರ್ಚಿಗಳಲ್ಲಿ, ಲೈನಿನವರೆಲ್ಲ ಮಡಿಸಿದ ಗೋಣಿಗಳ ಮೇಲೆ. ಬಿಸಿಲು ಇನ್ನೂ ಸ್ಟೋರಿನ ಹೆಂಚಿನ ಮೇಲಿತ್ತು. ಸೊಪ್ಪು ಕದಿಯುವ ಜಾಗದಲ್ಲಿ ಹುಡುಗರು ನಮ್ಮ ವಾಚರ್‌ನ ಸಿಳ್ಳೆ ಹೊಡೆದು ತೋರಿಸಿದರು. ವಾಚರೇ ಎಲ್ಲರಿಗಿಂತ ಜೋರಾಗಿ ನಕ್ಕ.

ನಾನು ಕಂಬಳಿ ಕೊಪ್ಪೆಯಲ್ಲಿ ಅಟ್ಟದಲ್ಲಿ ಕಿಟಕಿಯ ಪಕ್ಕದ ಮೂಟೆಗಳ ಹಿಂದೆ, ಸಂದಿಯಿಂದ ಹೊರಗೆ ಕಾಣುವ ಹಾಗೆ ಕೂತಿದ್ದೆ. ಹುಡುಗಿ ಇಳಿದು ಮರೆಯಾದ ಮೇಲೆ ಕಿಟಕಿಗೆ ಬಂದು "ಎಲ್ಲಿ ಹೋದಳು ನನ್ನ ಹುಡುಗಿ" ಎಂದು ಅಳಬೇಕು. ಅಷ್ಟೇ ನನ್ನ ಪಾಲಿಗೆ ಉಳಿದಿದ್ದ ಮಾತು.

ನಿಮ್ಮಮ್ಮ ಕಿಟಕಿಯಲ್ಲಿ ನಿಂತು, ಕತ್ತರಿಯಿಂದ ಜಡೆ ಕತ್ತರಿಸಿದ ಹಾಗೆ ಮಾಡಿದಳು. ಮುಂಚೆಯೇ ಬಿಗಿದಿದ್ದ ಗಂಟನ್ನು ಹೊಸದಾಗಿ ಕಟ್ಟಿದಂತೆ ತೋರಿಸಿ, ಒಮ್ಮೆ ಜಗ್ಗಿ ನೋಡಿ, ಹೊರಗೆ ಕಾಲಿಟ್ಟಳು. ಅಭ್ಯಾಸ ಮಾಡುವಾಗ ಅವಳು ಹಾಕುತ್ತಿದ್ದುದು ಶಾಲೆಯ ಗಿಡ್ಡ ಲಂಗ. ಅವತ್ತು ಮ್ಯಾನೇಜರಮ್ಮನ ಹಳೆಯ ಕಿಟಕಿ ಪರದೆಯಲ್ಲಿ ನಾನೇ ಹೊಲಿದ ಉದ್ದ ಲಂಗ. ಅದು ಯಾರ ತಲೆಗೂ ಹೊಳೆದಿರಲಿಲ್ಲ. ಎರಡು ಗಂಟು ಇಳಿಯುವಷ್ಟರಲ್ಲಿ ಲಂಗದ ಅಂಚು ಕಿಟಕಿಯ ಕೊಂಡಿಗೆ ಸಿಕ್ಕಿಕೊಂಡಿತು. ಅವಳು ಜಗ್ಗಿದಳು, ಬರಲಿಲ್ಲ. ಒಂದು ಕೈ ಬಿಟ್ಟು ಬಿಡಿಸಲು ನೋಡಿದಳು. ಜಡೆ ತಿರುಗಿತು, ಅವಳ ಭುಜ ಗೋಡೆಗೆ ಬಡಿಯಿತು. ಕೆಳಗೆ ಮೇಸ್ತ್ರಿ ಅಣ್ಣ ಏಣಿಯ ಕಡೆ ಓಡಿದ್ದು ಕಾಣಿಸಿತು.

ನಾನು ಯಾವಾಗ ಎದ್ದೆನೋ ಗೊತ್ತಿಲ್ಲ. ಕಿಟಕಿಯಲ್ಲಿ ಕರಿಯ ಕಂಬಳಿ ಕಂಡ ಕೂಡಲೇ, "ಮುದ್ಕಿ ಬಂದ್ಬುಟ್ಲು, ಜಡೆ ಕುಯ್ತಾಳೆ" ಎಂದು ಒಂದು ಮಗು ಅಳತೊಡಗಿತು. ನಾನು ಮಂಡಿಯೂರಿ ಬಗ್ಗಿದೆ. ಕೊಪ್ಪೆ ಜಾರಿ ಕೆಳಗೆ ಬಿತ್ತು. ನನ್ನ ಕೈಗೆ ಸಿಕ್ಕಿದ್ದು ಎರಡು: ಲಂಗದ ಅಂಚು ಮತ್ತು ಜಡೆ. ಲಂಗದ ಅಂಚು ಹಿಡಿದು ಮೇಲಕ್ಕೆ ಎಳೆದಿದ್ದರೆ ಅವಳು ಅಟ್ಟದೊಳಕ್ಕೆ ಬರುತ್ತಿದ್ದಳು, ಅಷ್ಟು ಹತ್ತಿರವಿದ್ದಳು. ಅವಳು ತಲೆಯೆತ್ತಿ ನನ್ನನ್ನು ನೋಡಿದಳು. ನಾನು ಎಳೆಯುತ್ತೇನೆ ಎಂದೇ ಅವಳು ತಿಳಿದಿದ್ದಳು. ಮುಖದಲ್ಲಿ ಹಾಗೆ ಬರೆದಿತ್ತು.

ಕೊಂಡಿಯಿಂದ ಅಂಚನ್ನು ಬಿಡಿಸಿದೆ. ಎರಡೂ ಕೈಯಲ್ಲಿ ಜಡೆ ಹಿಡಿದು, ಒಳಗಿನ ಹಗ್ಗ ಅಂಗೈಗೆ ಒತ್ತುವವರೆಗೂ ಬಿಗಿ ಮಾಡಿದೆ.

"ಲಂಗ ಬುಡಿಸೀವ್ನಿ" ಎಂದೆ. "ಕೆಳಕ್ಕೆ ನೋಡ್ಬ್ಯಾಡ. ಹಗ್ಗ ನನ್ ಕೈಲೈತೆ. ಇಳಿ ಮಗ."

ನನ್ನ ದನಿ ಕಣದ ಆ ಕೊನೆಯವರೆಗೂ ಕೇಳಿತಂತೆ. ನಿಮ್ಮಮ್ಮ ಇಳಿದಳು. ಒಂದೊಂದು ಗಂಟಿಗೂ ಅವಳ ಭಾರ ನನ್ನ ಕೈಗೆ ಬಂದು ಹೋಗುತ್ತಿತ್ತು. ಕೊನೆಗೆ ಭಾರ ಇಲ್ಲವಾಯಿತು. ಸಿಪ್ಪೆ ಚೀಲಗಳ ಮೇಲೆ ಅವಳು ಕೂತ ಹಾಗೆ ಬಿದ್ದು, ಎದ್ದು, ಲಂಗ ಕೊಡವಿಕೊಂಡು ಜನರ ನಡುವೆಯೇ ನಡೆದು ಕಣದ ಆಚೆ ಹೋದಳು. ನಾನು ನನ್ನ ಮಾತು ಹೇಳುವುದನ್ನು ಮರೆತೆ. ಬರಿಯ ಜಡೆ ಹಿಡಿದುಕೊಂಡು, ಎಸ್ಟೇಟಿಗೆ ಎಸ್ಟೇಟೇ ನನ್ನ ಮುಖ ನೋಡುತ್ತಿರುವಾಗ, ಕಿಟಕಿಯಲ್ಲಿ ಕೂತಿದ್ದೆ.

ಊಟದ ಹೊತ್ತಿಗೆ ಯಜಮಾನರು ಮ್ಯಾನೇಜರಮ್ಮನನ್ನು ಕೇಳುತ್ತಿದ್ದುದು ಕಿವಿಗೆ ಬಿತ್ತು. "ಜರ್ಮನಿ ಕಥೇಲಿ ಮುದುಕಿನೇ ಹುಡುಗಿನ ಇಳಿಸ್ತಾಳಾ?"

"ಇಲ್ಲ. ನಮ್ಮ ಎಸ್ಟೇಟಿನ ಕಥೆಯಲ್ಲಿ ಇಳಿಸ್ತಾಳೆ" ಎಂದರು ಅವರು, ಕಡುಬು ಮುರಿಯುತ್ತಾ.

ಲೈನಿಗೆ ಹೋಗುವ ದಾರಿಯಲ್ಲಿ ಜಡೆಯನ್ನು ನಾನು ಹೆಗಲ ಮೇಲೆ ಹಾಕಿಕೊಂಡಿದ್ದೆ. ನಿಮ್ಮಮ್ಮ ಗೋಡೆಗೆ ಬಡಿದಿದ್ದ ಭುಜ ಉಜ್ಜಿಕೊಳ್ಳುತ್ತಾ ಪಕ್ಕದಲ್ಲಿ ಬರುತ್ತಿದ್ದಳು. ಮಳೆ ಬಿದ್ದ ಕಾಫಿ ಗಿಡಗಳಲ್ಲಿ ಹೂ ಬಿರಿದು ದಾರಿಯ ಎರಡು ಕಡೆಯೂ ಬೆಳ್ಳಗಿತ್ತು.

"ಅವ್ವ, ನೀನು ನಾಟಕದ ಮಾತು ತಪ್ಪು ಹೇಳ್ಬುಟ್ಟೆ."

"ಊಂ."

"ಹಂಗೇ ಇರ್ಲಿ ಬುಡು. ಚೆನ್ನಾಗೈತೆ."

ಮನೆಯ ಬಾಗಿಲಿಗೆ ಬಂದಾಗ, ನಾಳೆ ಮೇಷ್ಟ್ರ ಮನೆಗೆ ಹೋಗಿ ಬರೋಣ ಎಂದೆ. ಅವಳು ನೋಡಾಣ ಎಂದಳು. ಇಬ್ಬರಿಗೂ ನಗು ಬಂತು.

ಜೂನಿನಲ್ಲಿ ಅವಳು ಹಾಸ್ಟೆಲ್ ಸೇರಿದಳು. ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೂ ನಿಂತಿದ್ದು, ಕ್ರೆಶ್‌ಗೆ ಹೋಗಿ ಜೋಲಿ ಕಟ್ಟಿದೆ. ಆ ಮಳೆಗಾಲ ಬಹಳ ಉದ್ದವಿತ್ತು, ಸುಳ್ಳು ಹೇಳುವುದಿಲ್ಲ. ಇವತ್ತು ನಿಮ್ಮಮ್ಮ ಸರ್ವೆ ಕೆಲಸದಲ್ಲಿ ಕುಂದೂರು, ಬಿಸಿಲೆ ಎಂದು ಗುಡ್ಡ ಗುಡ್ಡ ಹತ್ತಿ ಇಳಿಯುತ್ತಾಳೆ. ಮನೆ ಸೇರಿದೆ ಎಂಬ ಅವಳ ಫೋನು ಸಂಜೆ ತಡವಾಗಿ ಬಂದರೆ ನನ್ನ ಅಂಗೈ ಈಗಲೂ ಬಿಗಿಯುತ್ತದೆ. ಆಮೇಲೆ ಬಿಡುತ್ತದೆ.

ಮಕ್ಕಳೇ, ಈ ಹಾಳೆಗಳನ್ನು ಜಡೆಯ ಜೊತೆಯಲ್ಲೇ ಪೆಟ್ಟಿಗೆಯಲ್ಲಿಡಿ. ಹುಳ ಬೀಳದಂತೆ ಲಕ್ಕಿ ಸೊಪ್ಪು ಹಾಕಿ, ಮಳೆ ಹಿಡಿಯುವ ಮುಂಚೆ ಒಮ್ಮೆ ಬಿಸಿಲು ತೋರಿಸಿ. ಹಗ್ಗಕ್ಕೆ ವಯಸ್ಸಾಗಿದೆ, ಅದನ್ನು ನಂಬಿ ಯಾರೂ ಇಳಿಯಬೇಡಿ. ಇಳಿಯಬೇಕೆನಿಸಿದ ದಿನ ಹೊಸದು ಹೆಣೆದುಕೊಳ್ಳಿ, ಮೂಟೆ ಕಟ್ಟಿ ತೂಗಿ ನೋಡಿ, ಲಂಗದ ಉದ್ದವನ್ನೂ ನೋಡಿಕೊಳ್ಳಿ. ಹೆಣೆಯುವ ಕ್ರಮವೆಲ್ಲ ಇದರಲ್ಲಿ ಬರೆದಿದ್ದೇನೆ. ಅದಕ್ಕೇ ಜೋಪಾನ ಎನ್ನುತ್ತಿರುವುದು.